ಬಾನೆಟ್ ಮೇಲೆ ಹೋಗುವ ಸೀರೆ

ಪಕ್ಕದ ಮನೆಯ ಸೊಸೆ ಸುಜಾತಾ ಅಂಕೋಲೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ಹೋದ ವಾರ ನಾನು ಜಗಲಿಯಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಗ ಬಂದು ಎದುರು ಕೂತಳು. ನಾಲ್ಕು ಬತ್ತಿ ಹೊಸೆದು ಕೊಟ್ಟ ಮೇಲೆ ವಿಷಯಕ್ಕೆ ಬಂದಳು.

"ಚಿಕ್ಕಿ, ಬೇರೆ ಕಡೆ ಕೆಲಸಕ್ಕೆ ಬಾ ಹೇಳ್ತಿದ್ರು. ಇಲ್ಲಿಯವ್ರಿಗೆ ಮುಂಚೆ ಹೇಳೂದಾ, ಇಲ್ಲಾ ಸುಮ್ನೆ ಹೋಗೂದು ನಿಲ್ಸೂದಾ? ನೀವು ಹೆಂಗೆ ಮಾಡಿದ್ರಿ?"

"ನಾ ಮಾಡಿದ್ದು ಕೇಳಿದ್ರೆ ನೀ ನಗ್ತೆ," ಎಂದೆ.

ಒಂದು ಮಾತಿನಲ್ಲಿ ಉತ್ತರ ಕೊಡಲು ನೋಡಿದೆ, ಆಗಲಿಲ್ಲ. ಹೇಳುತ್ತಾ ಹೋದರೆ ಎಲ್ಲಿಂದೆಲ್ಲಿಗೋ ಹೋಯಿತು. ಹಾಗಾಗಿ ಬರೆದೇ ಇಡೋಣವೆಂದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದ ಹಾಳೆಗಳನ್ನು ಹುಡುಕಿ ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಬೇರೆ ಹುಡುಗಿಯರೂ ಬೇಕಾದರೆ ಓದಲಿ.

ನಾನು ಮನೆವಾರ್ತೆಯವಳು. ಅವರ್ಸಾದಲ್ಲಿ ನಮಗೆ ಸ್ವಲ್ಪ ಗದ್ದೆ, ಅದರಲ್ಲಿ ಒಂದು ಬೆಳೆ ಭತ್ತ, ಆಮೇಲೆ ಶೇಂಗಾ, ತರಕಾರಿ. ನಮ್ಮನೆಯವರು ಸಂಜೆ ತರಕಾರಿ ಕಿತ್ತು ಅಂಕೋಲೆ ಪೇಟೆಗೆ ಹಾಕಿ ಬರುತ್ತಿದ್ದರು. ದೊಡ್ಡ ಮಗಳ ಮದುವೆಯಾಗಿ, ಸಣ್ಣವಳು ಧಾರವಾಡದ ಹಾಸ್ಟೆಲಿಗೆ ಹೋದ ಮೇಲೆ ನಾನು ಕಾರವಾರದ ಒಂದು ಹೆರಿಗೆ ಆಸ್ಪತ್ರೆಗೆ ಆಯಾ ಆಗಿ ಸೇರಿದೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಹತ್ತು ಹಾಸಿಗೆಯ ಸಣ್ಣ ಆಸ್ಪತ್ರೆ. ಕೆಳಗೆ ತಪಾಸಣೆ, ಮೇಲೆ ಹೆರಿಗೆ ಕೋಣೆ, ಮೆಟ್ಟಿಲು ತಿರುಗುವಲ್ಲಿ ಒಂದು ಗೂಡು, ಅದರಲ್ಲಿ ಗಣಪತಿಯ ಫೋಟೋ. ಆಸ್ಪತ್ರೆ ನಡೆಸುವವರು ಒಬ್ಬರೇ ಡಾಕ್ಟರ್. ಐವತ್ತರ ಆಸುಪಾಸಿನ ಹೆಂಗಸು. ಅವರನ್ನು ಎಲ್ಲರೂ ಬಾಯೋರು ಎಂದೇ ಕರೆಯುತ್ತಿದ್ದರು.

ಮೊದಲ ದಿನ ಅವರು ಕೇಳಿದ್ದು ಎರಡೇ ಪ್ರಶ್ನೆ.

"ಓದೂಕೆ ಬರ್ತದಾ?"

"ಹತ್ತು ಪಾಸು."

"ರಕ್ತ ನೋಡಿದ್ರೆ ತಲೆ ತಿರುಗ್ತದಾ?"

"ಎರಡು ಹೆತ್ತಿದ್ದೆ ಬಾಯೋರೆ. ತಿರುಗೂದಾಗಿದ್ರೆ ಆಗಲೇ ತಿರುಗ್ಬೇಕಾಗಿತ್ತು."

ಅವರು ನಕ್ಕರು. ನಗುವುದು ಕಡಿಮೆ ಎಂದು ಆಮೇಲೆ ತಿಳಿಯಿತು. ನನ್ನನ್ನು ಮೆಟ್ಟಿಲ ತಿರುವಿಗೆ ಕರೆದುಕೊಂಡು ಹೋಗಿ ಗಣಪತಿಯ ಎದುರು ನಿಲ್ಲಿಸಿದರು. "ನಂಗೆ ಕಾಗದ, ಸಹಿ ಎಲ್ಲ ಬ್ಯಾಡ. ಬಿಡೂದಿದ್ರೆ ಒಂದು ತಿಂಗಳು ಮುಂಚೆ ಬಾಯಲ್ಲಿ ಹೇಳು. ಹೇಳ್ತೆ ಅಂತ ಇಲ್ಲಿ ಹೇಳು." ನಾನು ಕೈಮುಗಿದು, "ಹೇಳ್ತೆ" ಎಂದೆ. ಬಿಳಿ ಅಂಚಿನ ಎರಡು ನೀಲಿ ಸೀರೆ ಕೊಟ್ಟರು. ಅಲ್ಲಿಗೆ ನೇಮಕ ಮುಗಿಯಿತು.

ಆಯಾ ಎಂದರೆ ಕೂಸು ಎತ್ತಿಕೊಳ್ಳುವ ಕೆಲಸವೆಂದು ಹೊಸಬರು ತಿಳಿದುಕೊಂಡು ಬರುತ್ತಾರೆ. ಕೂಸು ಎತ್ತುವುದು ದಿನಕ್ಕೆ ಅರ್ಧ ಗಂಟೆ. ಉಳಿದದ್ದೆಲ್ಲ ತೊಳೆಯುವುದು. ನೆಲ, ಬಟ್ಟೆ, ಬೇಸಿನ್, ರಬ್ಬರ್ ಹಾಳೆ. ಆಗ ಕೈಗವಸನ್ನೂ ಬಿಸಾಡುತ್ತಿರಲಿಲ್ಲ. ತೊಳೆದು, ಬಾಯಿಂದ ಗಾಳಿ ಊದಿ ತೂತು ಇದೆಯೋ ನೋಡಿ, ನೆರಳಲ್ಲಿ ಒಣಗಿಸಿ, ಪೌಡರ್ ಹಾಕಿ ಡಬ್ಬಕ್ಕೆ ತುಂಬಿ ಹಬೆಗೆ ಇಡುತ್ತಿದ್ದೆವು. ಹಿತ್ತಲ ಹಗ್ಗದ ಮೇಲೆ ಸಾಲಾಗಿ ಐದೈದು ಬೆರಳು ಆಡುತ್ತಿರುವುದನ್ನು ಕಂಡು ನೋಡಲು ಬಂದವರ ಮಕ್ಕಳು ಹೆದರುತ್ತಿದ್ದವು. ಎರಡು ಮೂರು ವರ್ಷದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಯಾಕೆಟ್ ಬಂತು. ಹಗ್ಗ ಖಾಲಿಯಾಯಿತು. ಹಂಡೆಯ ಬಿಸಿನೀರು ಹೋಗಿ ನಲ್ಲಿಯ ಬಿಸಿನೀರು ಬಂತು. ನನ್ನ ಕಣ್ಣಿಗೆ ಹೊಗೆ ತಪ್ಪಿತು. ಅದನ್ನೂ ಒಂದು ದಯೆ ಎಂದೇ ಎಣಿಸಿದ್ದೇನೆ. ಸಂಜೆ ದೀಪ ಹಚ್ಚುವಾಗ ಆ ದಿನ ಆದ ಒಳ್ಳೆಯದನ್ನು ದೇವರಿಗೆ ಒಂದೊಂದಾಗಿ ಹೇಳುವುದು ನನ್ನ ರೂಢಿ. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದೂ ಅದರಲ್ಲಿ ಬರುತ್ತದೆ.

ಕೆಲಸ ಕಲಿಸಿದವಳು ಸೇವಂತಿ. ಮಾಜಾಳಿಯ ಮೀನುಗಾರರ ಮನೆಯವಳು, ಮನೆಮಾತು ಕೊಂಕಣಿ, ನನಗಿಂತ ಎಂಟು ವರ್ಷ ಹಿರಿಯಳು. ಮಾತು ಉಪ್ಪು ಹಾಕಿದಂತೆ. ಹೆರಿಗೆ ನೋವಿನಲ್ಲಿರುವ ಹೆಂಗಸಿನ ಪಕ್ಕ ನಾನು ಮೊದಲ ಸಲ ನಿಂತಾಗ ಅವಳು ನನ್ನ ಕೈ ಹಿಡಿದೆಳೆದಳು.

"ಅಗೋ, ಬೆರಳು ಕೊಡ್ಬೇಡ. ಮುರಿದು ಹಾಕ್ತ್ಲು. ಮಣಿಕಟ್ಟು ಕೊಡು. ಈ ಗಾಜಿನ ಬಳೆ ಎಂತದು?"

"ಮುತ್ತೈದೆ, ಬಳೆ ತೆಗೆಯೂಕಾಗ್ತದಾ ಸೇವಂತಕ್ಕ?"

"ತೆಗಿ ಅಂತ ಯಾರು ಹೇಳಿದ್ರು? ಮೇಲೆ ಏರ್ಸು."

ಬಳೆಗಳನ್ನು ಮೊಣಕೈ ಹತ್ತಿರದವರೆಗೆ ಏರಿಸಿ, ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ ಕೊಟ್ಟಳು. ಕೊನೆಯ ದಿನದವರೆಗೂ ಹಾಗೇ ಮಾಡಿದೆ. ಈಗಲೂ ಮೊಣಕೈ ಕೆಳಗೆ ಎರಡು ಗೆರೆ ಉಳಿದಿವೆ.

ನಾನು ಮಾಡಿದ ದೊಡ್ಡ ತಪ್ಪು ಮೊದಲ ವರ್ಷದ್ದು. ಒಂದೇ ಹೊತ್ತಿಗೆ ಎರಡು ಹೆರಿಗೆ. ಒಬ್ಬಳು ಶಿರವಾಡದವಳು, ಇನ್ನೊಬ್ಬಳು ಅಂಕೋಲೆಯವಳು. ಹೊರಗೆ ಇಬ್ಬರು ಅಜ್ಜಿಯರು ಒಂದೇ ಬೆಂಚಿನಲ್ಲಿ ಕೂತಿದ್ದರು. ಸುದ್ದಿ ಹೇಳುವ ಉಮೇದಿನಲ್ಲಿ ನಾನು ಹೊರಗೆ ಬಂದು ಶಿರವಾಡದ ಅಜ್ಜಿಗೆ "ಗಂಡು" ಎಂದುಬಿಟ್ಟೆ. ಅವರ ಮನೆಯಲ್ಲಿ ಆಗಲೇ ಮೂರು ಮೊಮ್ಮಕ್ಕಳು, ಮೂರೂ ಹೆಣ್ಣು. ಅಜ್ಜಿ ಎದ್ದು ಎದುರಿನ ಬೂತಿಗೆ ಹೋಗಿ ನಾಲ್ಕು ಕಡೆ ಫೋನು ಮಾಡಿ ಬಂದರು. ಬರುವಷ್ಟರಲ್ಲಿ ಸೇವಂತಿ ಸರಿಯಾದ ಸುದ್ದಿ ತಂದಿದ್ದಳು. ಶಿರವಾಡದ್ದು ಹೆಣ್ಣು, ಗಂಡು ಅಂಕೋಲೆಯವರದ್ದು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಜ್ಜಿ ನನ್ನನ್ನು ನೋಡಿ, "ಹೋಗ್ಲಿ ಬಿಡೇ ತಂಗಿ. ಹತ್ತು ನಿಮಿಷ ಆದ್ರೂ ನಂಗೆ ಗಂಡು ಮೊಮ್ಮಗ ಇದ್ದ," ಎಂದರು.

ಬಾಯೋರು ಅಷ್ಟು ಸುಲಭಕ್ಕೆ ಬಿಡಲಿಲ್ಲ. "ಇವತ್ತಿಂದ ಮೊದಲು ಕೂಸಿನ ಕೈಗೆ ತಾಯಿ ಹೆಸ್ರು ಕಟ್ಟೂದು. ಮಾಗಿರ್ ಬಾಯಿ ಬಿಡೂದು," ಎಂದರು. ಕೊಂಕಣಿಯ ಮಾಗಿರ್ ಎಂದರೆ ಆಮೇಲೆ. ಅವರಿಗೆ ಸಿಟ್ಟು ಬಂದಾಗ ಮಾತ್ರ ಕನ್ನಡದಲ್ಲಿ ಕೊಂಕಣಿ ನುಗ್ಗುತ್ತಿತ್ತು. ಹೆಸರು ಬರೆದ ಪಟ್ಟಿ ಕಟ್ಟುವ ಕ್ರಮ ನಮ್ಮಲ್ಲಿ ಬಂದದ್ದು ಹಾಗೆ. ಈಗಿನವರು ಅದನ್ನು ಪುಸ್ತಕದಲ್ಲಿ ಓದಿ ಕಲಿಯುತ್ತಾರಂತೆ.

ಇನ್ನು ಸುಜಾತಾ ಕೇಳಿದ ಪ್ರಶ್ನೆ.

ನಮ್ಮ ಕಡೆ ಯಾರೂ "ಕೆಲಸ ಬಿಡ್ತೆ" ಎಂದು ಮುಖ ನೋಡಿ ಹೇಳುವುದಿಲ್ಲ. ಚೌತಿಗೆ ರಜೆ ಹಾಕಿ ಹೋಗುತ್ತಾರೆ, ಹಬ್ಬ ಮುಗಿದರೂ ಬರುವುದಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ಆಸ್ಪತ್ರೆಯ ನೀಲಿ ಸೀರೆ ಒಗೆದು, ಮಡಚಿ, ಪೇಪರಿನಲ್ಲಿ ಸುತ್ತಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಾರೆ. ಅವನು ಪಕ್ಕದ ಬಾನೆಟ್ ಮೇಲೆ ಇಟ್ಟುಕೊಂಡು ಬಂದು ಕಾರವಾರ ಸ್ಟ್ಯಾಂಡಿನ ಹೂವಿನಂಗಡಿಯಲ್ಲಿ ಕೊಡುತ್ತಾನೆ. ಹೂವಿನವಳು ಗಣಪತಿಗೆ ಹೂ ತರುವಾಗ ಅದನ್ನೂ ತರುತ್ತಾಳೆ. ಪೊಟ್ಟಣ ಬಂತೆಂದರೆ ರಾಜೀನಾಮೆ ಬಂತು ಎಂದು ಅರ್ಥ. ಒಳಗೆ ಚೀಟಿ ಇರುವುದಿಲ್ಲ. ಕೆಲವರು ಸೀರೆಯ ಮಡಿಕೆಯಲ್ಲಿ ಒಂದು ಹೂವು ಇಟ್ಟಿರುತ್ತಾರೆ, ಅಷ್ಟೇ.

ಅಮದಳ್ಳಿಯ ನಿರ್ಮಲಾ ಹಾಗೆ ಹೋದಳು. ಕೆಲಸದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಚೌತಿಯ ಆರನೇ ದಿನ ಪೊಟ್ಟಣ ಬಂತು. ಆ ದಿನ ಮೇಲೆ ಮೂರು ಜನ ನೋವು ತಿನ್ನುತ್ತಿದ್ದರು, ನಾನೂ ಸೇವಂತಿಯೂ ಇಬ್ಬರೇ. ಒಬ್ಬಳು ಮತ್ತೆ ಮತ್ತೆ "ಆ ದಪ್ಪ ಜಡೆಯವ್ರು ಎಲ್ಲಿ? ಅವ್ರು ಇರ್ತೆ ಹೇಳಿದ್ರು" ಎಂದು ಕೇಳುತ್ತಿದ್ದಳು. ದಪ್ಪ ಜಡೆ ನಿರ್ಮಲಾಳದ್ದು. ನಾನು "ಬತ್ತ್ಲು, ಬತ್ತ್ಲು" ಎಂದು ಸುಳ್ಳು ಹೇಳುತ್ತಲೇ ಹೆರಿಗೆ ಮುಗಿಯಿತು.

ಈ ಕೆಲಸದಲ್ಲಿ ಇದೊಂದು ಇದೆ. ಎಂಟು, ಒಂಬತ್ತು ತಿಂಗಳಾಗಿ ತಪಾಸಣೆಗೆ ಬರುವವರು ಡಾಕ್ಟರನ್ನು ಕೇಳುವುದಿಲ್ಲ, ಆಯಾನ ಕೈ ಹಿಡಿದು ಕೇಳುತ್ತಾರೆ, "ನನ್ನ ದಿವಸಕ್ಕೆ ನೀವು ಇರ್ತ್ರಿ ಅಲ್ವಾ?" ನಾವು "ಇರ್ತೆ" ಎನ್ನುತ್ತೇವೆ. ಎನ್ನಲೇಬೇಕು, ಬೇರೆ ಉತ್ತರ ಇಲ್ಲ.

ನಿರ್ಮಲಾಳ ಮೇಲೆ ನನಗೆ ತುಂಬ ದಿನ ಸಿಟ್ಟಿತ್ತು. ಮುಂದೆ ಒಂದು ಮದುವೆಯಲ್ಲಿ ಸಿಕ್ಕಿದಾಗ ಕೇಳಿಯೇಬಿಟ್ಟೆ. ಅವಳು ಎಲೆ ಎದುರು ಕೂತವಳು ತಲೆ ಎತ್ತದೆ ಹೇಳಿದಳು. "ಅದಕ್ಕಿಂತ ಮುಂಚೆ ಬಟ್ಟೆ ಅಂಗಡಿಲಿದ್ದೆ ಗಂಗಕ್ಕ. ಮರ್ಯಾದೆಯಿಂದ ತಿಂಗಳ ಮುಂಚೆ ಹೇಳಿದೆ. ಅವ್ರು ಆ ದಿವಸನೇ ಹೊರಗೆ ಹಾಕಿದ್ರು. ಒಂದು ತಿಂಗಳು ಮನೇಲಿ ಕೂತೆ. ಮತ್ತೆ ಹೇಳೂಕೆ ಬಾಯಿ ಬರ್ಲಿಲ್ಲ."

ನನ್ನ ಸರದಿ ಬಂದದ್ದು ನಾಲ್ಕನೇ ವರ್ಷ. ನನ್ನದು ಮಧ್ಯಾಹ್ನದ ಪಾಳಿ, ಒಂದರಿಂದ ಎಂಟು. ಮನೆ ಮುಟ್ಟುವಾಗ ಒಂಬತ್ತು ದಾಟುತ್ತಿತ್ತು. ಅದರ ಹಿಂದಿನ ವರ್ಷ ಅತ್ತೆಯವರಿಗೆ ಒಂದು ಕಡೆ ಕೈಕಾಲು ಬಿದ್ದುಹೋಗಿತ್ತು. ಹಗಲು ಹೇಗೋ ಇರುತ್ತಿದ್ದರು. ದೀಪ ಹಚ್ಚುವ ಹೊತ್ತಾದರೆ ಹೆದರಿ ಅಳುತ್ತಿದ್ದರು, ಹತ್ತಿರ ಯಾರಾದರೂ ಕೂತು ಕೈ ಹಿಡಿದುಕೊಳ್ಳಬೇಕು. ಆ ಹೊತ್ತಿಗೆ ನಮ್ಮನೆಯವರು ತರಕಾರಿ ಹೊತ್ತು ಅಂಕೋಲೆಗೆ ಹೋಗಿರುತ್ತಿದ್ದರು. ನಮ್ಮಲ್ಲೇ ಇದ್ದ ನಾದಿನಿ ನೋಡಿಕೊಳ್ಳುತ್ತಿದ್ದಳು. ಈಗ ಅವಳ ಗಂಡ ಗೋವಾದಲ್ಲಿ ಬಾಡಿಗೆಮನೆ ಹಿಡಿದು ಅವಳನ್ನು ಕರೆಸಿಕೊಂಡ. ಸಂಜೆಗೆ ಅತ್ತೆಯವರ ಪಕ್ಕ ಯಾರೂ ಇಲ್ಲವಾದರು.

ಅದೇ ವಾರ ಅಂಕೋಲೆಯ ಒಂದು ಶಾಲೆಯಲ್ಲಿ ಆಯಾ ಬೇಕೆಂದು ಗೊತ್ತಾಯಿತು. ಒಂಬತ್ತರಿಂದ ನಾಲ್ಕೂವರೆ, ಭಾನುವಾರ ರಜೆ, ಸಂಜೆ ಐದಕ್ಕೆ ಮನೆ. ಹೋಗಿ ಕೇಳಿದೆ. ಅಲ್ಲಿಯ ಗುಮಾಸ್ತರು ನೇರ ಮನುಷ್ಯ. "ಸೋಮವಾರ ಬಂದ್ರೆ ಕೆಲಸ ನಿಂದು. ಬರ್ಲಿಲ್ಲ ಅಂದ್ರೆ ಇನ್ನೊಬ್ಳು ಕಾಯ್ತಿದ್ಲು. ತಿಂಗಳು ಗಿಂಗಳು ಅಂದ್ರೆ ಆಗೂದಿಲ್ಲ," ಎಂದರು. ಆ ದಿನ ಗುರುವಾರ.

ನಮ್ಮನೆಯವರನ್ನು ಕೇಳಿದೆ. "ಎಲ್ಲ್ರೂ ಮಾಡೂದೇ ಅಲ್ವಾ? ಸೀರೆ ಕಳ್ಸಿದ್ರೆ ಆಯ್ತು. ಆಯಿಯ ಅಳು ನೋಡೂಕೆ ನಂಗಾಗೂದಿಲ್ಲ," ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಗಣಪತಿಯ ಎದುರು "ಹೇಳ್ತೆ" ಎಂದಿದ್ದೆ. ಅದಲ್ಲದೆ ಅಂದಿನ ತಪಾಸಣೆಗೆ ಬಂದ ವೀಣಾ ಎಂಬ ಟೀಚರು ನನ್ನ ಕೈ ಹಿಡಿದು ಕೇಳಿ ಹೋಗಿದ್ದರು. ಮೊದಲಿನ ಕೂಸು ಹೊಟ್ಟೆಯಲ್ಲೇ ಹೋಗಿತ್ತು, ಇದು ಎರಡನೆಯದು, ಇನ್ನು ಮೂರು ವಾರ. "ನೀವು ಇರ್ತ್ರಿ ಅಲ್ವಾ?" "ಇರ್ತೆ." ಬಾಯಿಂದ ಬಂದುಹೋಗಿತ್ತು.

ಶುಕ್ರವಾರ ಬೆಳಿಗ್ಗೆ ಮಿಂದು ನಮ್ಮೂರ ದೇವಿಯ ಗುಡಿಗೆ ಹೋದೆ. ಅಲ್ಲಿ ಪೂಜೆ ಮಾಡುವ ಗುನಗರು ಪ್ರಸಾದ ಕೇಳಿ ಕೊಡುತ್ತಾರೆ. ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳನ್ನು ಒದ್ದೆ ಮಾಡಿ ದೇವಿಯ ಮೈಗೆ ಹಚ್ಚುತ್ತಾರೆ, ನಾವು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂರಬೇಕು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಊರು ಬಿಟ್ಟು ಗೋವಾಕ್ಕೆ ಹೋದವರೂ ಮದುವೆ, ಮನೆ ಕಟ್ಟುವುದು ಎಂದರೆ ಬಂದು ಪ್ರಸಾದ ಕೇಳಿಯೇ ಹೋಗುವುದು.

ನಾನು ಮೊದಲು, ಅಂಕೋಲೆಯ ಕೆಲಸ ನನಗೆ ಒಳ್ಳೆಯದೇ ಎಂದು ಕೇಳಿದೆ. ಕೈಮುಗಿಯುವಷ್ಟರಲ್ಲಿ ಬಲಕ್ಕೆ ಬಿತ್ತು. ಕಣ್ಣಲ್ಲಿ ನೀರು ಬಂತು. ಅಲ್ಲಿಗೇ ಎದ್ದು ಬಂದಿದ್ದರೆ ಆಗುತ್ತಿತ್ತು. ನಾನು ಇನ್ನೊಂದು ಹಚ್ಚಿಸಿದೆ. ಹೇಳದೆ ಹೋಗಲೇ ಎಂದು ಕೇಳಿದೆ.

ಎಸಳು ಬೀಳಲಿಲ್ಲ. ಗುನಗರು ಗಂಟೆ ಬಾರಿಸಿದರು, ಮತ್ತೊಮ್ಮೆ ಬೇಡಿಕೊಂಡರು. ನನ್ನ ನಂತರ ಬಂದವರು ಮೂರು ಜನ ಹಿಂದೆ ಕಾಯುತ್ತಾ ನಿಂತರು. ಅವರಲ್ಲೊಬ್ಬ ಕೆಮ್ಮಿದ. ಎಸಳು ಒಣಗಿ ಅಂಟಿಕೊಂಡಂತೆ ಅಲ್ಲೇ ಕೂತಿತು. ಗುನಗರು ತಿರುಗಿ ನನ್ನನ್ನು ನೋಡಿದರು.

"ಎಂತ ಕೇಳಿದ್ದೆ ತಂಗಿ?"

"ಅದು... ಒಂದು ವಿಷಯ."

"ಉತ್ತರ ಗೊತ್ತಿದ್ದೂ ಕೇಳಿದ್ಯಾ ಹೆಂಗೆ? ಅಂಥದ್ದಕ್ಕೆ ಅಮ್ಮ ಹೂ ಕೊಡೂದಿಲ್ಲ. ಏಳು, ಹಿಂದಿನವ್ರು ಕಾಯ್ತಿದ್ರು."

ಎದ್ದು ಬಂದೆ. ಬರುವ ದಾರಿಯಲ್ಲಿ ಮನಸ್ಸು ಉಪಾಯ ಮಾಡಿತು. ಎಡಕ್ಕೆ ಬಿದ್ದಿಲ್ಲವಲ್ಲ, ಅಂದ ಮೇಲೆ ಬೇಡ ಎಂದೇನೂ ಆಗಲಿಲ್ಲ. ದೇವರೊಡನೆ ಹೀಗೆ ವಾದ ಮಾಡುವುದು ನನ್ನಂಥವಳಿಗೂ ಬರುತ್ತದೆ ಎಂದು ಅಂದು ಗೊತ್ತಾಯಿತು. ಆ ದಿನ ಕೆಲಸಕ್ಕೆ ಹೋದೆ, ಯಾರಿಗೂ ಏನೂ ಹೇಳಲಿಲ್ಲ. ಸೇವಂತಿ ಎರಡು ಸಲ "ಬಾಯಿಗೆ ಎಂತ ಆಯ್ತೇ ನಿಂಗೆ?" ಎಂದಳು.

ಶನಿವಾರ ಬೆಳಿಗ್ಗೆ ಎರಡೂ ಸೀರೆ ಒಗೆದು, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಹಾಕಿದೆ. ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದೆ. ಮಡಿಕೆಯಲ್ಲಿ ಅಬ್ಬಲಿ ಹೂವನ್ನೂ ಇಟ್ಟೆ. ಮನೆಯಲ್ಲುಡುವ ಹಸಿರು ಸೀರೆಯಲ್ಲೇ ಹೆದ್ದಾರಿಗೆ ಹೋಗಿ ಹನ್ನೊಂದೂವರೆ ಬಸ್ಸಿಗೆ ನಿಂತೆ. ನಾನು ನಾಲ್ಕು ವರ್ಷ ದಿನಾ ಹೋಗುತ್ತಿದ್ದ ಬಸ್ಸೇ ಅದು, ಡ್ರೈವರ್ ರಾಮಣ್ಣನೇ. ಬೇರೆ ಬಸ್ಸಿಗೆ ಕೊಡಬಹುದಿತ್ತು. ಅಷ್ಟು ಬುದ್ಧಿ ಓಡಲಿಲ್ಲ. ಪೊಟ್ಟಣ ರಾಮಣ್ಣನ ಕೈಲಿ ಕೊಟ್ಟರೆ ಸರಿಯಾಗಿ ಮುಟ್ಟುತ್ತದೆ ಎಂದಷ್ಟೇ ತಲೆಯಲ್ಲಿತ್ತು.

ಬಸ್ಸು ನಿಂತಿತು. ನಾನು ಡ್ರೈವರ್ ಕಡೆಯ ಕಿಟಕಿಗೆ ಹೋಗಿ ಪೊಟ್ಟಣ ಎತ್ತಿ ಹಿಡಿದೆ. ಪೇಪರಿನ ಮೂಲೆಯಿಂದ ನೀಲಿ ಇಣುಕುತ್ತಿತ್ತು.

"ಓಹೋ, ನಿಮ್ಮ ಆಸ್ಪತ್ರೆ ಸೀರೆಯಾ?" ಎಂದು ರಾಮಣ್ಣ ಕೈ ಚಾಚಿದ. "ಈ ಸಲ ಯಾರು ಬಿಟ್ಟದ್ದು ಗಂಗಕ್ಕ? ನಾ ತಕ್ಕೊಂಡು ಹೋಗೂದು ಇದು ನಾಲ್ಕನೇದು. ನಿಮ್ಮ ಬಾಯೋರು ನಂಗೂ ಒಂದು ಸೀರೆ ಕೊಡ್ಬೇಕು."

ನಾನು ಪೇಪರಿನ ಮೂಲೆ ಒಳಗೆ ಮಡಚಿ ಪೊಟ್ಟಣ ಅವನ ಕೈಗೆ ಕೊಟ್ಟೆ.

"ಹೊತ್ತಾಯ್ತು, ಹತ್ತಿ ಹತ್ತಿ," ಎಂದವನು ನನ್ನ ಹಸಿರು ಸೀರೆ ನೋಡಿದ. ಬರಿಗೈ ನೋಡಿದ, ಊಟದ ಡಬ್ಬಿ ಇರಲಿಲ್ಲ. ಅವನ ಮುಖದ ನಗು ಹೋಯಿತು. ಬಾನೆಟ್ ಮೇಲಿದ್ದ ತನ್ನ ಟವೆಲು, ನೀರಿನ ಬಾಟಲಿ ಆಚೆ ಸರಿಸಿ, ಪೊಟ್ಟಣವನ್ನು ಮಗು ಮಲಗಿಸಿದ ಹಾಗೆ ಮೆತ್ತಗೆ ಇಟ್ಟ. "ಅಡ್ಡಿಲ್ಲ, ಕೊಡ್ತೆ," ಎಂದ. ಮತ್ತೆ ನನ್ನ ಕಡೆ ನೋಡಲಿಲ್ಲ, ರಸ್ತೆ ನೋಡುತ್ತಾ ಕೂತ.

ಅವನು ಬೈದಿದ್ದರೆ, ಇಲ್ಲಾ ಇನ್ನೊಂದು ತಮಾಷೆ ಮಾಡಿದ್ದರೆ ನಾನು ಮನೆಗೆ ಹೋಗುತ್ತಿದ್ದೆ. ನೋಡದೇ ಕೂತದ್ದು ಕಷ್ಟವಾಯಿತು. ಕಂಡಕ್ಟರ್ ಸೀಟಿ ಊದಿದ. ನಾನು ಬಸ್ಸಿನ ಸುತ್ತ ಓಡಿ ಬಾಗಿಲಿಗೆ ಬಂದು ಹತ್ತಿದೆ. ಮುಂದೆ ಹೋಗಿ ಬಾನೆಟ್ ಮೇಲಿನ ಪೊಟ್ಟಣ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತೆ. ಕೈಯಲ್ಲಿ ದುಡ್ಡೂ ಇರಲಿಲ್ಲ. ರಾಮಣ್ಣ ಹಿಂದೆ ತಿರುಗದೆ ಕಂಡಕ್ಟರಿಗೆ, "ಅಕ್ಕನ ಟಿಕೇಟು ನಾಳೆ," ಎಂದ.

ಆಸ್ಪತ್ರೆಯ ಬಾಗಿಲಲ್ಲೇ ಸೇವಂತಿ ಸಿಕ್ಕಿದಳು. ಪಾಳಿ ಮುಗಿಯುವುದನ್ನು ಕಾಯುತ್ತಿದ್ದಳು. ನನ್ನ ಹಸಿರು ಸೀರೆ, ಕೈಯ ಪೊಟ್ಟಣ ಎರಡನ್ನೂ ನೋಡಿ ಸೊಂಟಕ್ಕೆ ಕೈ ಇಟ್ಟಳು.

"ಅಗೋ, ರಾಜೀನಾಮೆ ನೀನೇ ಹೊತ್ಕೊಂಡು ಬಂದ್ಯಾ? ಬಸ್ಸಲ್ಲಿ ಜಾಗ ಇರ್ಲಿಲ್ವಾ?"

ನಾನು ನೇರ ಒಳಗೆ ಹೋದೆ. ಬಾಯೋರು ಒಬ್ಬರನ್ನು ನೋಡಿ ಕಳಿಸಿ ಬರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಬಿಡ್ತ್ಯಾ?"

"ಹೌದು ಬಾಯೋರೆ. ಹೇಳೂಕೆ ಬಂದೆ. ಒಂದು ತಿಂಗಳು ಇರ್ತೆ."

"ಹೊಸ ಕೆಲಸದವ್ರು ಒಂದು ತಿಂಗಳು ಕಾಯ್ತ್ರಾ?"

"ಇಲ್ಲ. ಸೋಮವಾರವೇ ಬರ್ಬೇಕಂತೆ."

ಅವರು ಪೆನ್ನು ಕೆಳಗಿಟ್ಟರು. "ಮತ್ತೆ ಎಂತಕೆ ಬಂದೆ? ಪೊಟ್ಟಣ ಕಳ್ಸೂಕಾಗ್ತಿತ್ತಲ್ಲ."

ಗಣಪತಿ, ಸಿಂಗಾರದ ಎಸಳು, ವೀಣಾ ಟೀಚರು, ಇಷ್ಟೆಲ್ಲ ಹೇಳಲು ಬಾಯಿ ಬರಲಿಲ್ಲ. "ಡ್ರೈವರು ಯಾರು ಬಿಟ್ಟದ್ದು ಕೇಳ್ದ," ಎಂದೆ.

ಬಾಯೋರು ನಕ್ಕರು. ಆಮೇಲೆ ಮನೆಯಲ್ಲಿ ಏನು ತೊಂದರೆ ಎಂದು ಕೇಳಿದರು, ಹೇಳಿದೆ. ಸಂಬಳ ಹೆಚ್ಚು ಮಾಡುತ್ತೇನೆ ಎನ್ನಲಿಲ್ಲ, ಹೋಗಬೇಡ ಎಂದೂ ಎನ್ನಲಿಲ್ಲ. "ಒಂದು ತಿಂಗಳು ಬೆಳಿಗ್ಗೆ ಪಾಳಿ ಮಾಡು. ಎರಡು ಗಂಟೆಗೆ ಬಿಡ್ತೆ. ಸೇವಂತಿಗೆ ನೀನೇ ಕೇಳ್ಬೇಕು, ನಾ ಕೇಳೂದಿಲ್ಲ," ಎಂದರು.

ಸೇವಂತಿಗೆ ಬೆಳಗಿನ ಪಾಳಿ ಎಂದರೆ ಪ್ರಾಣ. ಮಧ್ಯಾಹ್ನ ಬಿಟ್ಟರೆ ಸಂಜೆ ಮಾಜಾಳಿಯಲ್ಲಿ ಸೊಸೆಯ ಜೊತೆ ಮೀನಿನ ಬುಟ್ಟಿ ಇಟ್ಟು ಕೂರುತ್ತಿದ್ದಳು. ಅವಳಿಗೆ ಅದು ವ್ಯಾಪಾರಕ್ಕಿಂತ ಹೆಚ್ಚು ಮಾತಿನ ಜಾಗ. ಕೇಳಿದ ಕೂಡಲೇ ಬೈದಳು.

"ನಿನ್ನ ಅತ್ತೆ ಅಳೂಕೆ ನಾ ಮೀನುಪೇಟೆ ಬಿಡೂದಾ? ನನ್ನ ಸೊಸೆ ಬಂಗಡೆಯನ್ನ ಬಂದ ದರಕ್ಕೆ ಕೊಟ್ಟುಬಿಡ್ತ್ಲು ಮಾರಾಯ್ತಿ!" ಬೈದು ಮುಗಿಸಿ, "ಒಂದೇ ತಿಂಗಳು. ಮುವತ್ತೊಂದನೇ ದಿವಸ ನಿನ್ನನ್ನ ಜುಟ್ಟು ಹಿಡಿದು ಎಬ್ಬಿಸ್ತೆ," ಎಂದಳು.

ಸೋಮವಾರ ಅಂಕೋಲೆಯ ಕೆಲಸಕ್ಕೆ ಇನ್ನೊಬ್ಬಳು ಸೇರಿದಳು. ಇದನ್ನು ಮುಚ್ಚಿಡುವುದಿಲ್ಲ. ಮುಂದೆ ಆ ಕೆಲಸ ಕಾಯಂ ಆಯಿತು. ಅವಳಿಗೆ ಈಗ ಪಿಂಚಣಿಯೆಂದು ತಿಂಗಳು ತಿಂಗಳು ಏನೋ ಬರುತ್ತದೆ, ನನಗೆ ಬರುವುದಿಲ್ಲ. ಪೇಟೆಯಲ್ಲಿ ಎದುರು ಸಿಕ್ಕಿದರೆ ನಕ್ಕು ಮಾತಾಡುತ್ತೇನೆ. ಮನೆಗೆ ಬಂದ ಮೇಲೆ ಒಂದು ಸಲ ಲೆಕ್ಕ ಹಾಕಿ ನೋಡುತ್ತೇನೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಮೂ‌ರೂವರೆಗೆ ಮನೆಗೆ ಬರತೊಡಗಿದೆ. ಬೆಳಗಿನ ಕೆಲಸ ನಮ್ಮನೆಯವರ ಪಾಲಿಗೆ ಬಂತು. ತಾಯಿಗೆ ಗಂಜಿ ಕೊಡುವುದು, ತಲೆ ಬಾಚುವುದು. "ನಿನ್ನ ಗಂಡ ಬಲೆ ಎಳೆದಾಂಗೆ ತಲೆ ಎಳೀತ," ಎಂದು ಅತ್ತೆಯವರು ಒಂದು ವಾರ ದೂರು ಹೇಳಿದರು. ಎರಡನೇ ವಾರ, ನಾನು ಬಾಚಲು ಹೋದರೆ, "ಬ್ಯಾಡ, ಅಂವ ಬಾಚಿಯಾಯ್ತು," ಎಂದರು. ದೀಪ ಹಚ್ಚುವ ಹೊತ್ತಿಗೆ ನಾನು ಪಕ್ಕದಲ್ಲಿ ಇರುತ್ತಿದ್ದೆ. ಅವರು ಕೈ ಹಿಡಿದುಕೊಂಡು ದಿನದ ಸುದ್ದಿ ಕೇಳುತ್ತಿದ್ದರು. ಎಷ್ಟು ಕೂಸು, ಯಾವ ಊರು, ಗಂಡೋ ಹೆಣ್ಣೋ. ಅಳು ನಿಂತಿತು.

ವೀಣಾ ಟೀಚರ ಹೆರಿಗೆ ಆ ತಿಂಗಳಲ್ಲೇ ಆಯಿತು. ಯಾವ "ಇರ್ತೆ"ಗಾಗಿ ಅಷ್ಟೆಲ್ಲ ಮಾಡಿದೆನೋ ಅದಕ್ಕೆ ನಾನು ಇರಲಿಲ್ಲ. ಸಂಜೆ ಐದಕ್ಕೆ ನೋವು ಬಂತು, ಏಳಕ್ಕೆ ಹೆರಿಗೆ. ಮಣಿಕಟ್ಟು ಕೊಟ್ಟವಳು ಸೇವಂತಿ. ಮಾರನೆಯ ಬೆಳಿಗ್ಗೆ ನಾನು ಹೋಗಿ, "ನಾ ಇರ್ಲಿಲ್ಲ ಟೀಚರೇ, ತಪ್ಪು ತಿಳ್ಕೊಬ್ಯಾಡಿ," ಎಂದೆ. ಅವರು ಕಣ್ಣು ಅರಳಿಸಿ ನೋಡಿದರು. "ನೀವಲ್ವಾ ನಿನ್ನೆ ಇದ್ದದ್ದು?" ಎಂದರು. ನೋವಿನ ಹೊತ್ತಿಗೆ ಅವರಿಗೆ ನೀಲಿ ಸೀರೆ ಮಾತ್ರ ಕಂಡಿತ್ತು. ನಾನು ತಿದ್ದಲು ಹೋಗಲಿಲ್ಲ. ಕೂಸಿಗೆ ಮೊದಲ ಸ್ನಾನ ನಾನೇ ಮಾಡಿಸಿದೆ. ಹೆಣ್ಣು, ಆರೋಗ್ಯವಾಗಿತ್ತು, ನೀರು ತಾಗಿದ ಕೂಡಲೇ ಊರಿಗೆಲ್ಲ ಕೇಳುವಂತೆ ಕೂಗಿತು. ಆ ದಿನ ದೀಪದ ಎದುರು ಹೇಳಲು ಬೇರೆ ಏನೂ ಬೇಕಾಗಲಿಲ್ಲ.

ತಿಂಗಳು ಮುಗಿಯಿತು. ಮೂವತ್ತೊಂದನೇ ದಿನ ಸೇವಂತಿ ನನ್ನ ಜುಟ್ಟು ಹಿಡಿಯಲಿಲ್ಲ. "ತಿಂಗಳಾಯ್ತೇನೆ?" ಎಂದಳು. "ಆಯ್ತು," ಎಂದೆ. "ಕ್ಯಾಲೆಂಡರ್ ಸರಿ ನೋಡು," ಎಂದು ತನ್ನ ಪಾಡಿಗೆ ಮೇಲೆ ಹೋದಳು. ಮಧ್ಯಾಹ್ನದ ಪಾಳಿಯಲ್ಲಿ ಹೊರಗೆ ಕಾಯುವ ಅಜ್ಜಿಯರ ಜೊತೆ ಹರಟೆ ಹೆಚ್ಚು, ಮೀನುಪೇಟೆಗಿಂತ ಕಡಿಮೆಯೇನಲ್ಲ ಎಂದು ಅವಳಿಗೆ ಗೊತ್ತಾಗಿತ್ತು ಎಂದು ನನ್ನ ಗುಮಾನಿ. ಬಾಯೋರು ಏನೂ ಕೇಳಲಿಲ್ಲ. ನಾನು ಮರುದಿನವೂ ಮೊದಲ ಬಸ್ಸಿಗೇ ಹೋದೆ, ಬೆಳಗಿನ ಪಾಳಿ ನನ್ನದಾಗಿಯೇ ಉಳಿಯಿತು. ಅತ್ತೆಯವರು ಇನ್ನೂ ಮೂರು ವರ್ಷ ಇದ್ದರು. ಹೋದದ್ದೂ ಸಂಜೆಯೇ, ನನ್ನ ಕೈ ಹಿಡಿದುಕೊಂಡೇ.

ಬಿಡ್ತೆ ಎಂದು ಹೇಳಿ ಏಳು ವರ್ಷವಾದ ಮೇಲೆ ನನ್ನ ಮೊಣಕಾಲು ಮೆಟ್ಟಿಲಿಗೆ ಒಪ್ಪದಾಯಿತು. ಈ ಸಲ ಯಾರನ್ನೂ ಕೇಳದೆ, ಯಾವ ಎಸಳೂ ಹಚ್ಚಿಸದೆ ಬಾಯೋರ ಎದುರು ಹೋಗಿ ನಿಂತೆ. "ಬಾಯೋರೆ, ನನ್ನ ಕೈಲಾಗೂದಿಲ್ಲ. ಒಂದು ತಿಂಗಳು ಇದ್ದು ಬಿಡ್ತೆ."

ಅವರಿಗೂ ಅಷ್ಟರಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮತ್ತೆ ಎಂತಕೆ ತಿಂಗಳು? ನೀ ಆಗಲೇ ಹೇಳಿಯಾಗಿದೆಯಲ್ಲೇ. ನಿಂಗೆ ಬೇಕಾದ ದಿವಸ ಹೋಗು."

ಎರಡು ನೀಲಿ ಸೀರೆ ಒಗೆದು ಇಸ್ತ್ರಿ ಹಾಕಿ ನನ್ನ ಕೈಯಾರೆ ಕೊಟ್ಟು ಬಂದೆ. ಪೇಪರು ಸುತ್ತಲಿಲ್ಲ.

ಇದನ್ನೆಲ್ಲ ಬರೆದು ಇಂದು ಬೆಳಿಗ್ಗೆ ಸುಜಾತಾಳಿಗೆ ಓದಿ ಹೇಳಿದೆ. ಅವಳು ನಕ್ಕಳು, ನಾನು ಹೇಳಿದ್ದೆನಲ್ಲ. ಆಮೇಲೆ, "ಹಂಗಾರೆ ಹೇಳ್ಬೇಕು ಅಂತಾಯ್ತಾ ಚಿಕ್ಕಿ?" ಎಂದಳು.

"ಹೇಳಿದ್ರೆ ಒಳ್ಳೇದೇ ಆಗ್ತದೆ ಅಂತ ನಾ ಹೇಳೂದಿಲ್ಲ. ನಿರ್ಮಲಾಗೆ ಆಗ್ಲಿಲ್ಲ. ನೀ ಒಂದು ಹೇಳು. ಮುಂದಿನ ತಿಂಗಳು ದಿವಸ ಇದ್ದವ್ರಲ್ಲಿ 'ನೀವು ಇರ್ತ್ರಿ ಅಲ್ವಾ' ಅಂತ ನಿನ್ನ ಕೈ ಹಿಡಿದು ಕೇಳಿದವ್ರು ಎಷ್ಟು ಜನ?"

ಅವಳು ಬತ್ತಿ ಹೊಸೆಯುವ ಬೆರಳು ನಿಲ್ಲಿಸಿ, ಮಡಿಲಲ್ಲಿ ಒಂದೊಂದೇ ಬೆರಳು ಮಡಚಿದಳು. ಮೂರನೆಯದಕ್ಕೆ ಎಣಿಕೆ ನಿಂತಿತು.

"ಬಸ್ಸಿಗೆ ಹೊತ್ತಾಯ್ತು," ಎಂದು ಎದ್ದಳು. ಸೆರಗು ಸರಿ ಮಾಡಿಕೊಂಡು ಹೆದ್ದಾರಿ ಕಡೆ ಹೋದಳು. ಕೈಯಲ್ಲಿ ಊಟದ ಡಬ್ಬಿ ಇತ್ತು.